ಹಿತ್ತಲಲ್ಲಿ ಹತ್ತು ನಿಮಿಷ, ಚೆಂಡಿಲ್ಲದೆ

ಬೆಂಗಳೂರಿನಲ್ಲಿ ಗಾಲ್ಫ್ ಅಂದ್ರೆ ನಮ್ಮಲ್ಲಿ ಬಹಳಷ್ಟು ಜನಕ್ಕೆ ಬಸ್ಸಿನ ಕಿಟಕಿಯಿಂದ ಕಂಡ ಹಸಿರು ಅಷ್ಟೇ. ಹೈಗ್ರೌಂಡ್ಸ್ ಕಡೆ ಹೋದ್ರೆ 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್. ದೊಮ್ಮಲೂರು ಕಡೆ ಹೋದ್ರೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ. ಸಿಗ್ನಲ್‌ನಲ್ಲಿ ನಿಂತಾಗ ಬೇಲಿಯಾಚೆ ಯಾರೋ ಕೋಲು ಬೀಸ್ತಾರೆ, ಚೆಂಡು ಎಲ್ಲಿ ಹೋಯ್ತು ಅಂತ ನೋಡೋಷ್ಟರಲ್ಲಿ ಹಸಿರು ದೀಪ ಬೀಳುತ್ತೆ.

ಈಗೀಗ ಆ ಬೇಲಿ ಸ್ವಲ್ಪ ತೆಳುವಾಗಿದೆ. ಆಫೀಸಿನ ಟೀಮ್ ಔಟಿಂಗ್ ಅಂತ ಡ್ರೈವಿಂಗ್ ರೇಂಜ್‌ಗೆ ಕರ್ಕೊಂಡು ಹೋಗ್ತಾರೆ. ಐವತ್ತು ಚೆಂಡಿನ ಬುಟ್ಟಿಯಲ್ಲಿ ನಲವತ್ತೊಂಬತ್ತು ನೆಲ ಕೆರೆಯುತ್ತವೆ. ಒಂದು ಮಾತ್ರ ಟಕ್ ಅಂತ ಸದ್ದು ಮಾಡಿ, ಕೈಗೆ ಏನೂ ತಾಗಲೇ ಇಲ್ಲವೇನೋ ಅನ್ನೋ ಹಾಗೆ ಹಾರಿ ಹೋಗುತ್ತೆ. ಆ ಒಂದು ಸಾಕು, ಹುಚ್ಚು ಹಿಡಿಯೋಕೆ. ಮರುವಾರ ಮತ್ತೆ ಹೋಗೋಣ ಅಂದ್ರೆ ದುಡ್ಡು, ದೂರ, ಟ್ರಾಫಿಕ್ಕು. ಹಾಗಾಗಿ ಈ ಅಂಕಣದ ಓದುಗರು, ನನ್ನ ಆಫೀಸಿನ ಗೆಳೆಯರು, ಎಲ್ಲರೂ ಕೇಳೋ ಪ್ರಶ್ನೆ ಒಂದೇ: ಮನೆ ಹಿತ್ತಲಲ್ಲೇ ಪ್ರಾಕ್ಟೀಸ್ ಮಾಡಿದ್ರೆ ಗಾಲ್ಫ್ ಬರುತ್ತಾ?

ನನ್ನ ಉತ್ತರ: ಗಾಲ್ಫ್ ಬರಲ್ಲ, ಸ್ವಿಂಗ್ ಬರುತ್ತೆ. ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ಹಿತ್ತಲು ಬಹಳ ಒಳ್ಳೆಯ ಶಾಲೆ. ಗೊತ್ತಿಲ್ಲದಿದ್ದರೆ ಮೊಣಕೈಗೋ ಪಕ್ಕದ ಮನೆಯವರಿಗೋ ಪೆಟ್ಟು.

ಕಾಲು ಸೆಕೆಂಡಿನ ಆಟ

ಮೊದಲು ಸ್ವಿಂಗ್ ಅಂದ್ರೆ ಏನು ಅಂತ ನೋಡೋಣ. ಕ್ಲಬ್ಬನ್ನು ಹಿಂದಕ್ಕೆ ಎತ್ತಿ ಮೇಲಕ್ಕೆ ಒಯ್ಯಲು ನುರಿತ ಆಟಗಾರರಿಗೆ ಸುಮಾರು ಮುಕ್ಕಾಲು ಸೆಕೆಂಡ್ ಬೇಕು. ಅಲ್ಲಿಂದ ಕೆಳಗಿಳಿದು ಚೆಂಡಿಗೆ ತಾಗೋಕೆ ಕಾಲು ಸೆಕೆಂಡ್. ಕ್ಲಬ್ಬು ಚೆಂಡಿನ ಜೊತೆ ಇರೋದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗ ಮಾತ್ರ.

ಕಾಲು ಸೆಕೆಂಡಿನಲ್ಲಿ ಮನುಷ್ಯ ಯೋಚಿಸಿ ತಿದ್ದಿಕೊಳ್ಳೋಕೆ ಆಗಲ್ಲ. "ಅಯ್ಯೋ, ಕೈ ಹೊರಗೆ ಹೋಯ್ತು" ಅಂತ ತಲೆಗೆ ಹೊಳೆಯೋಷ್ಟರಲ್ಲಿ ಚೆಂಡು ಪೊದೆ ಸೇರಿರುತ್ತೆ. ಅಂದರೆ ಆ ಕಾಲು ಸೆಕೆಂಡಿನ ಹಣೆಬರಹವನ್ನು ಅದಕ್ಕಿಂತ ಮೊದಲೇ ಬರೆದಿಡಬೇಕು: ಹಿಡಿತದಲ್ಲಿ, ನಿಲುವಿನಲ್ಲಿ, ಕ್ಲಬ್ ಎತ್ತುವ ದಾರಿಯಲ್ಲಿ, ಲಯದಲ್ಲಿ. ಈ ನಾಲ್ಕಕ್ಕೂ ಹದಿನೆಂಟು ಹೋಲ್‌ಗಳ ಮೈದಾನ ಬೇಡ, ಚೆಂಡೂ ಬೇಡ.

ಚೆಂಡು ಇಲ್ಲದಿರೋದೇ ಒಂದು ಅನುಕೂಲ ಅಂತ ನನಗನಿಸುತ್ತೆ. ನಾವೆಲ್ಲ ಗಲ್ಲಿ ಕ್ರಿಕೆಟ್ ಆಡಿ ಬಂದವರು. ಎದುರಿಗೆ ಚೆಂಡು ಕಂಡರೆ ಹೊಡೀಬೇಕು ಅಂತ ಕೈ ತುರಿಸುತ್ತೆ. ಕ್ರಿಕೆಟ್‌ನಲ್ಲಿ ಚೆಂಡು ನಮ್ಮ ಕಡೆ ಬರುತ್ತೆ, ಅದನ್ನು ಎದುರಿಸೋಕೆ ಹೆಜ್ಜೆ ಮುಂದಿಡ್ತೀವಿ, ಕೆಳಗಿನ ಕೈಯಲ್ಲಿ ಬಾರಿಸ್ತೀವಿ. ಗಾಲ್ಫ್ ಚೆಂಡು ಎಲ್ಲಿಗೂ ಬರಲ್ಲ, ಸುಮ್ಮನೆ ಕೂತಿರುತ್ತೆ. ಅದನ್ನು ಬಾರಿಸೋಕೆ ಹೋದವರ ಚೆಂಡು ಬಾಳೆಹಣ್ಣಿನ ಹಾಗೆ ಬಲಕ್ಕೆ ಬಾಗಿ ಹೋಗುತ್ತೆ. ಇದಕ್ಕೇ ಸ್ಲೈಸ್ ಅನ್ನೋದು. ಚೆಂಡನ್ನು ತೆಗೆದುಬಿಟ್ಟರೆ ಬಾರಿಸೋ ಆಸೆ ತಣ್ಣಗಾಗಿ, ಮೈ ಏನು ಮಾಡ್ತಿದೆ ಅಂತ ಕೇಳಿಸಿಕೊಳ್ಳೋ ಪುರುಸೊತ್ತು ಸಿಗುತ್ತೆ.

(ಇಲ್ಲಿ ಎಲ್ಲವನ್ನೂ ಬಲಗೈಯವರ ಲೆಕ್ಕದಲ್ಲಿ ಹೇಳ್ತಿದ್ದೀನಿ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.)

ಮೊದಲು ಜಾಗ ಅಳೆಯಿರಿ

ನಾನು ಬಾಡಿಗೆಗಿರೋದು ಒಂದು 30-40 ಸೈಟಿನ ನೆಲಮಹಡಿಯಲ್ಲಿ. ಮನೆ ಕಟ್ಟಿ ಉಳಿದ ಹಿತ್ತಲು ಹದಿನಾಲ್ಕು ಅಡಿಗೆ ಇಪ್ಪತ್ತು ಅಡಿ ಇರಬಹುದು. ಅದರಲ್ಲೊಂದು ಕರಿಬೇವಿನ ಗಿಡ, ಒಂದು ನುಗ್ಗೆ, ಬಟ್ಟೆ ಒಣಹಾಕೋ ತಂತಿ. ಆಚೆ ಎದೆಮಟ್ಟದ ಕಾಂಪೌಂಡು. ಕಾಂಪೌಂಡಿನ ಆ ಕಡೆ ಪಕ್ಕದ ಮನೆಯ ಅಜ್ಜಿ ಚಳಿಗಾಲದಲ್ಲಿ ಬಿಸಿಲು ಕಾಯಿಸುತ್ತಾ ಅವರೆಕಾಯಿ ಸುಲಿಯುತ್ತಾ ಕೂತಿರ್ತಾರೆ. ಅವರ ತಲೆಗೂ ನನ್ನ ಕ್ಲಬ್ಬಿಗೂ ಮಧ್ಯೆ ಹನ್ನೆರಡು ಅಡಿ. ಹಿತ್ತಲ ಗಾಲ್ಫಿನ ನಿಯಮಗಳನ್ನೆಲ್ಲ ನಾನು ಆ ಹನ್ನೆರಡು ಅಡಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿಕೊಂಡಿದ್ದೀನಿ.

ನಿಯಮ ಒಂದು: ನಿಜವಾದ ಗಾಲ್ಫ್ ಚೆಂಡು ಹಿತ್ತಲಿಗೆ ಬರಕೂಡದು. ನಿಯಮದ ಪ್ರಕಾರ ಅದರ ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ನಿಂಬೆಹಣ್ಣಿನಷ್ಟಿದೆ ಅಂತ ಸದರ ಬೇಡ. ಸಾಧಾರಣ ಹವ್ಯಾಸಿ ಆಟಗಾರ ಡ್ರೈವರ್‌ನಲ್ಲಿ ಸರಿಯಾಗಿ ಹೊಡೆದರೆ ಆ ಚೆಂಡು ಗಂಟೆಗೆ 200 ಕಿಲೋಮೀಟರ್ ದಾಟುತ್ತೆ. ಕ್ರಿಕೆಟ್‌ನ ಅತಿ ವೇಗದ ಬೌಲರ್ ಎಸೆಯೋ ಚೆಂಡು ಇದರ ಹತ್ತಿರಕ್ಕೂ ಬರಲ್ಲ. ಅಂಥದ್ದನ್ನು ಹಳೇ ಸೀರೆ, ಸೊಳ್ಳೆಪರದೆ, ನರ್ಸರಿಯ ಹಸಿರು ನೆರಳುಬಲೆ ತಡೆಯುತ್ತೆ ಅಂತ ನಂಬಬೇಡಿ. ಚೆಂಡು ತೂರಿ ಹೋಗಬಹುದು, ಬಲೆ ಬಿಗಿಯಾಗಿದ್ದರೆ ಪುಟಿದು ನಿಮ್ಮ ಮುಖಕ್ಕೇ ವಾಪಸ್ ಬರಬಹುದು. ಚೆಂಡು ಬೇಕೇ ಬೇಕು ಅನ್ನೋರಿಗೆ ಫೋಮ್ ಚೆಂಡು, ತೂತಿರುವ ಪ್ಲಾಸ್ಟಿಕ್ ಚೆಂಡು ಸಿಗುತ್ತೆ. ಅಜ್ಜಿಯ ಅವರೆಕಾಯಿ ಮೊರದಲ್ಲಿ ಬಿದ್ದರೂ ಅವು ಒಂದು ಬೈಗುಳದಲ್ಲೇ ಮುಗಿಯುತ್ತವೆ.

ನಿಯಮ ಎರಡು: ನಿಂತ ಜಾಗದಿಂದ ಸುತ್ತ ಹತ್ತು ಅಡಿ ಖಾಲಿ ಇರಬೇಕು. ಸೆವೆನ್ ಐಯನ್ ಕ್ಲಬ್ಬೇ ಸುಮಾರು ಮೂರು ಅಡಿ, ಡ್ರೈವರ್ ಮುಕ್ಕಾಲು ಅಡಿ ಇನ್ನೂ ಉದ್ದ. ಅದಕ್ಕೆ ನಿಮ್ಮ ತೋಳು ಸೇರಿಸಿ. ನಮ್ಮಂಥ ಚಿಕ್ಕ ಹಿತ್ತಲಿನಲ್ಲಿ ಎಲ್ಲ ದಿಕ್ಕಿಗೂ ಹತ್ತು ಅಡಿ ಸಿಗಲ್ಲ. ಆಗ ಪೂರ್ತಿ ಸ್ವಿಂಗ್ ಬಿಟ್ಟು ಅರ್ಧ ಸ್ವಿಂಗ್ ಮಾಡಿ. ನಾನು ಮಾಡೋದೂ ಅದನ್ನೇ. ಮೊದಲು ಬಹಳ ನಿಧಾನವಾಗಿ ಕ್ಲಬ್ಬನ್ನು ಒಂದು ಸುತ್ತು ತಿರುಗಿಸಿ, ತಂತಿ, ಕೇಬಲ್, ಕೊಂಬೆ, ಸಜ್ಜಾ ಯಾವುದಕ್ಕೂ ತಾಗಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ತಲೆ ಮೇಲೆ ನೋಡೋದನ್ನ ಬಹಳ ಜನ ಮರೀತಾರೆ.

ನಿಯಮ ಮೂರು: ಕೈಯಲ್ಲಿ ಕ್ಲಬ್ ಇದ್ದಷ್ಟು ಹೊತ್ತು ಮಗು, ನಾಯಿ, ಕಾಫಿ ತರೋರು ಯಾರೂ ಹಿತ್ತಲಿಗೆ ಬರಕೂಡದು. ಮಕ್ಕಳು ಹಿಂದಿನಿಂದ ಸದ್ದಿಲ್ಲದೆ ಓಡಿ ಬರ್ತಾರೆ. ಹಿತ್ತಲ ಬಾಗಿಲಿನ ಚಿಲಕ ಹೊರಗಿನಿಂದ ಹಾಕಿಕೊಳ್ಳೋದು ಒರಟು ಅನ್ನಿಸಬಹುದು, ಆದ್ರೂ ಹಾಕ್ಕೊಳ್ಳಿ. ಕ್ಲಬ್ಬು ಸೆಕೆಂಡ್ ಹ್ಯಾಂಡ್ ಆಗಿದ್ದರೆ ತಲೆ ಸಡಿಲವಾಗಿದೆಯಾ, ಹಿಡಿಯ ರಬ್ಬರ್ ಸವೆದು ಜಾರುತ್ತಾ ಅಂತ ಪ್ರತಿ ವಾರ ಒಮ್ಮೆ ನೋಡಿ. ಬೆವರಿದ ಕೈಯಿಂದ ಜಾರಿದ ಕ್ಲಬ್ಬು ಯಾರ ಮಾತೂ ಕೇಳಲ್ಲ.

ಕೊತ್ತಂಬರಿ ಕಟ್ಟಿನ ಹಿಡಿತ

ಇನ್ನು ಅಭ್ಯಾಸ. ಮೊದಲನೆಯದು ಹಿಡಿತ, ಗ್ರಿಪ್. ಅಮೆರಿಕದ ದೊಡ್ಡ ಆಟಗಾರ ಬೆನ್ ಹೋಗನ್ 1957ರಲ್ಲಿ ಬರೆದ 'ಫೈವ್ ಲೆಸನ್ಸ್' ಪುಸ್ತಕದ ಮೊದಲ ಪಾಠವೇ ಗ್ರಿಪ್. ಇದಕ್ಕೆ ಹಿತ್ತಲೂ ಬೇಡ, ಮ್ಯೂಟ್ ಮಾಡಿಕೊಂಡ ಆಫೀಸ್ ಕಾಲ್‌ನಲ್ಲಿ ಕೂತೇ ಮಾಡಬಹುದು.

ಎಡಗೈಯನ್ನು ಹಿಡಿಯ ಮೇಲೆ ಇಡುವಾಗ ಅಂಗೈ ಮಧ್ಯಕ್ಕಲ್ಲ, ಬೆರಳುಗಳ ಬುಡಕ್ಕೆ ಇಡಿ. ಬಲಗೈ ಅದರ ಕೆಳಗೆ ಸೇರಲಿ. ಬಲಗೈ ಕಿರುಬೆರಳು ಎಡಗೈ ಬೆರಳುಗಳ ಮೇಲೆ ಕೂರಬಹುದು, ಎಡಗೈ ತೋರುಬೆರಳಿನ ಜೊತೆ ಹೆಣೆದುಕೊಳ್ಳಬಹುದು, ಹತ್ತೂ ಬೆರಳು ಬಿಡಿಬಿಡಿಯಾಗಿ ಹಿಡಿಯ ಮೇಲೂ ಇರಬಹುದು. ಜ್ಯಾಕ್ ನಿಕ್ಲಾಸ್, ಟೈಗರ್ ವುಡ್ಸ್ ಇಬ್ಬರೂ ಹೆಣೆದು ಹಿಡಿದವರು. ನಿಮ್ಮ ಕೈಗೆ ಯಾವುದು ಒಗ್ಗುತ್ತೋ ಅದು. ಎರಡೂ ಕೈಗಳ ಹೆಬ್ಬೆರಳು-ತೋರುಬೆರಳಿನ ಮಧ್ಯೆ ಮೂಡುವ ಗೆರೆ ನಿಮ್ಮ ಬಲಭುಜದ ಕಡೆ ತೋರಿಸುತ್ತಿದ್ದರೆ ಶುರುವಿಗೆ ಸರಿ.

ಎಷ್ಟು ಗಟ್ಟಿ? ಒದ್ದೆ ಬೆಡ್‌ಶೀಟ್ ಹಿಂಡುವಷ್ಟಲ್ಲ. ಸಂತೆಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ನಡೀತೀರಲ್ಲ, ಬೀಳಬಾರದು, ಸೊಪ್ಪೂ ಬಾಡಬಾರದು, ಅಷ್ಟು. ಗಟ್ಟಿ ಹಿಡಿದ ಕೂಡಲೇ ಮುಂಗೈ, ಭುಜ, ಕುತ್ತಿಗೆ ಎಲ್ಲ ಬಿಗಿದುಕೊಳ್ಳುತ್ತೆ. ಆಮೇಲೆ ಸ್ವಿಂಗ್ ಇರಲ್ಲ, ಸೌದೆ ಒಡೆಯೋದು ಇರುತ್ತೆ.

ಗೋಡೆ, ಟವೆಲ್ಲು, ರಂಗೋಲಿ ಪುಡಿ

ಎರಡನೆಯದು ಸೊಂಟದ ತಿರುವು. ಕ್ಲಬ್ ಬೇಡ. ಕಾಂಪೌಂಡ್ ಗೋಡೆಗೆ ಬೆನ್ನು ಮಾಡಿ, ಪೃಷ್ಠ ಗೋಡೆಗೆ ಮೆಲ್ಲಗೆ ತಾಗೋ ಹಾಗೆ ಮುಂದಕ್ಕೆ ಬಾಗಿ ನಿಲ್ಲಿ. ಎದೆ ಮೇಲೆ ಕೈ ಕಟ್ಟಿಕೊಳ್ಳಿ. ಬಲಕ್ಕೆ ತಿರುಗಿದಾಗ ಬಲಭಾಗ ಗೋಡೆಗೆ ಒತ್ತಬೇಕು, ಎಡಕ್ಕೆ ತಿರುಗಿದಾಗ ಎಡಭಾಗ. ಎರಡು ಸಲವೂ ಗೋಡೆ ತಪ್ಪಿಹೋದರೆ ಸೊಂಟ ಚೆಂಡಿನ ಕಡೆ ನುಗ್ಗುತ್ತಿದೆ ಅಂತ ಅರ್ಥ. ಹೊಸಬರಲ್ಲಿ ಅತಿ ಸಾಮಾನ್ಯವಾದ ದೋಷ ಇದು. ಸೊಂಟ ಮುಂದೆ ಬಂದರೆ ಕೈಗೆ ಜಾಗ ಉಳಿಯಲ್ಲ, ಪಾಪ ಅದು ಏನೋ ಸರ್ಕಸ್ ಮಾಡಿ ಚೆಂಡು ಮುಟ್ಟುತ್ತೆ.

ಮೂರನೆಯದು ಟವೆಲ್ಲು. ತೆಳುವಾದ ಟವೆಲ್ಲನ್ನು ಎದೆಗೆ ಅಡ್ಡಲಾಗಿ ಹಿಡಿದು ಎರಡೂ ಕಂಕುಳಲ್ಲಿ ಸಿಕ್ಕಿಸಿಕೊಳ್ಳಿ. ಈಗ ಸೊಂಟದೆತ್ತರದಿಂದ ಸೊಂಟದೆತ್ತರದವರೆಗೆ ಅರ್ಧ ಸ್ವಿಂಗ್. ಟವೆಲ್ ಬಿದ್ದರೆ ತೋಳು ಮೈಯನ್ನು ಬಿಟ್ಟು ಒಂಟಿಯಾಗಿ ಓಡಿದೆ. ಎದೆ ತಿರುಗಿ ತೋಳನ್ನು ಕರ್ಕೊಂಡು ಹೋದರೆ ಟವೆಲ್ ಅಲ್ಲೇ ಇರುತ್ತೆ. ಅರ್ಧ ಸ್ವಿಂಗಿಗೆ ಮಾತ್ರ ಇದು. ಪೂರ್ತಿ ಸ್ವಿಂಗಿನಲ್ಲಿ ಟವೆಲ್ ಬೀಳೋದು ಸಹಜ, ಅಲ್ಲಿ ಹಟ ಮಾಡಬೇಡಿ.

ನಾಲ್ಕನೆಯದು ನನಗೆ ಅತ್ಯಂತ ಇಷ್ಟವಾದದ್ದು. ಹೊರದೇಶದ ಕೋಚ್‌ಗಳು ಹುಲ್ಲಿನ ಮೇಲೆ ಸ್ಪ್ರೇ ಪೇಂಟ್‌ನಲ್ಲಿ ಗೆರೆ ಎಳೀತಾರೆ. ನಮಗೆ ರಂಗೋಲಿ ಪುಡಿ ಇದೆ. ಹುಲ್ಲಿನ ಮೇಲೋ ಮೆತ್ತನೆ ಮಣ್ಣಿನ ಮೇಲೋ, ನಿಮ್ಮ ಎರಡು ಪಾದಗಳ ಮಧ್ಯದಿಂದ ನೇರ ಮುಂದಕ್ಕೆ ಒಂದೂವರೆ ಅಡಿ ಗೆರೆ ಎಳೆಯಿರಿ. ಚೆಂಡು ಇರಬೇಕಾದದ್ದು ಆ ಗೆರೆಯ ಮೇಲೆ ಅಂತ ಇಟ್ಟುಕೊಳ್ಳಿ. ಸೆವೆನ್ ಐಯನ್‌ನಲ್ಲಿ ನಿಧಾನ ಸ್ವಿಂಗ್ ಮಾಡಿ, ಕ್ಲಬ್ಬು ನೆಲ ಎಲ್ಲಿ ಸವರಿತು ನೋಡಿ.

ಗೆರೆಯ ಮೇಲೆ, ಇಲ್ಲವೇ ಗೆರೆ ದಾಟಿ ಎಡಕ್ಕೆ, ಅಂದರೆ ಗುರಿಯ ಕಡೆಗೆ ಸವರಿದ್ದರೆ ಭೇಷ್. ಐಯನ್ ಕ್ಲಬ್ಬು ಮೊದಲು ಚೆಂಡಿಗೆ, ಆಮೇಲೆ ನೆಲಕ್ಕೆ ತಾಗಬೇಕು. ರೇಂಜಿನಲ್ಲಿ ಆ ಐವತ್ತರಲ್ಲಿ ಒಂದು ಟಕ್ ಅಂದಿತ್ತಲ್ಲ, ಅದರ ಗುಟ್ಟು ಇದೇ. ಗೆರೆಗಿಂತ ಬಲಕ್ಕೆ, ಹಿಂದೆಯೇ ಸವರಿದ್ದರೆ ನಿಮ್ಮ ಭಾರ ಇನ್ನೂ ಬಲಗಾಲಿನಲ್ಲೇ ಕೂತಿದೆ. ಚೆಂಡನ್ನು ಕೆಳಗಿನಿಂದ ಎತ್ತಿ ಹಾರಿಸೋಕೆ ನೋಡ್ತಿದ್ದೀರಿ. ಎತ್ತೋದು ನಮ್ಮ ಕೆಲಸ ಅಲ್ಲ, ಕ್ಲಬ್ಬಿನ ಮುಖ ಓರೆಯಾಗಿರೋದೇ ಅದಕ್ಕೆ. ಕೆಳಗಿಳಿಯುವಾಗ ಎಡಗಾಲಿಗೆ ಭಾರ ಬಿಡಿ, ಗುರುತು ತಾನಾಗಿ ಮುಂದೆ ಸರಿಯುತ್ತೆ.

ನೆಲ ಅಗೆಯಬೇಡಿ, ಬರೀ ಸವರಿ. ಸಿಮೆಂಟು, ಟೈಲ್ಸ್, ಟೆರೇಸಿನ ಮೇಲೆ ಇದನ್ನು ಮಾಡಲೇಬೇಡಿ. ಹಿತ್ತಲು ಗಟ್ಟಿ ನೆಲವಾಗಿದ್ದರೆ ದಪ್ಪ ತೆಂಗಿನನಾರಿನ ಮ್ಯಾಟ್ ಹಾಸಿ, ಅದರ ಮೇಲೆ ಗೆರೆ ಎಳೆದು ಇನ್ನೂ ನಿಧಾನ ಮಾಡಿ. ಮುಗಿದ ಮೇಲೆ ಕ್ಲಬ್ ಒರೆಸಿಡಿ. ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆದರೆ ಇರುವೆಗಳಿಗೂ ಊಟ.

ತಕಧಿಮಿ ತ

ಐದನೆಯದು ಲಯ. ಜಾನ್ ನೊವೊಸೆಲ್ ಅನ್ನೋರು ದೊಡ್ಡ ಆಟಗಾರರ ಸ್ವಿಂಗ್ ವಿಡಿಯೊಗಳ ಫ್ರೇಮ್ ಎಣಿಸಿ 2004ರಲ್ಲಿ 'ಟೂರ್ ಟೆಂಪೊ' ಅಂತ ಪುಸ್ತಕ ತಂದರು. ಅವರು ಕಂಡುಕೊಂಡದ್ದು: ಯಾರು ಬೇಗ ಬೀಸಲಿ, ಯಾರು ನಿಧಾನ ಬೀಸಲಿ, ಹಿಂದಕ್ಕೆ ಎತ್ತೋ ಸಮಯ ಮತ್ತು ಕೆಳಗಿಳಿಸೋ ಸಮಯದ ಪ್ರಮಾಣ ಹೆಚ್ಚುಕಡಿಮೆ ಮೂರಕ್ಕೆ ಒಂದು.

ಇದಕ್ಕೆ ಆಪ್ ಇದೆ, ಬೀಪ್ ಬೀಪ್ ಸದ್ದಿದೆ. ಚಿಕ್ಕಂದಿನಲ್ಲಿ ಸಂಗೀತದ ಕ್ಲಾಸಿಗೆ ಹೋದವರಿಗೆ ಅದೂ ಬೇಡ. "ತಕಧಿಮಿ" ಸಾಕು. ನಾಲ್ಕು ಅಕ್ಷರ, ಸಮ ಅಂತರ. 'ತ' ಅಂದಾಗ ಕ್ಲಬ್ ಹೊರಡಲಿ. 'ಕ', 'ಧಿ' ದಾಟಿ 'ಮಿ' ಅನ್ನುವಾಗ ಮೇಲೆ ತಲುಪಿರಲಿ. ಮುಂದಿನ 'ತ' ಬಿದ್ದಾಗ ನೆಲ ಸವರಲಿ. ತಕಧಿಮಿ-ತ. ಮೂರು ಭಾಗ ಮೇಲಕ್ಕೆ, ಒಂದು ಭಾಗ ಕೆಳಕ್ಕೆ. ಮೊದಲ ವಾರ ವಿಳಂಬದಲ್ಲಿ ಹೇಳಿಕೊಳ್ಳಿ, ಆಮೇಲೆ ಮಧ್ಯಮ ಕಾಲ. ಅವಸರದವರಿಗೆ ಒಂದು ಮಾತು: ಹೊಸಬರ ಸ್ವಿಂಗ್ ಕೆಡೋದು ಹೆಚ್ಚಾಗಿ 'ಮಿ' ಬರೋದಕ್ಕೆ ಮುಂಚೆಯೇ ಕೆಳಗಿಳಿಯೋಕೆ ಶುರು ಮಾಡೋದರಿಂದ.

ಲೋಟದ ಬಾಯಿ

ಮಳೆ ಬಂದರೆ ಒಳಗೆ ಬನ್ನಿ, ಪಟಿಂಗ್ ಇದೆ. ಪಾರ್ 72ರ ಮೈದಾನದ ಲೆಕ್ಕ ನೋಡಿ: ಪ್ರತಿ ಹೋಲ್‌ಗೆ ಎರಡು ಪಟ್ ಅಂತ ಹಿಡಿದೇ ಪಾರ್ ಹಾಕಿರೋದು, ಹದಿನೆಂಟಕ್ಕೆ 36. ಅಂದರೆ ಅರ್ಧ ಆಟ ನೆಲದ ಮೇಲೆ ಉರುಳಿಸೋದರಲ್ಲಿದೆ. ಗಾಲ್ಫ್ ಹೋಲ್‌ನ ವ್ಯಾಸ 108 ಮಿಲಿಮೀಟರ್. ನಮ್ಮ ಸ್ಟೀಲ್ ಲೋಟದ ಬಾಯಿ ಅದಕ್ಕಿಂತ ಚಿಕ್ಕದು. ಲೋಟವನ್ನು ಅಡ್ಡ ಮಲಗಿಸಿ ಆರು ಅಡಿಯಿಂದ ನಿಜವಾದ ಚೆಂಡನ್ನೇ ಉರುಳಿಸಿ. ಇಲ್ಲಿ ಅಡ್ಡಿಯಿಲ್ಲ, ಉರುಳೋ ಚೆಂಡು ಯಾರಿಗೂ ಪೆಟ್ಟು ಮಾಡಲ್ಲ. ಲೋಟಕ್ಕೆ ಹಾಕೋದು ರೂಢಿಯಾದವರಿಗೆ ಮೈದಾನದ ಹೋಲ್ ಬಕೆಟ್ ಥರ ಕಾಣುತ್ತೆ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಐದನೇ ವಯಸ್ಸಿನ ಸುಮಾರಿಗೆ ಆಟ ಶುರು ಮಾಡಿದ್ದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನಲ್ಲಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಪ್ಪ ಅವರ ಕ್ಯಾಡಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮ್ಮ. ಟೋಕಿಯೊದಲ್ಲಿ ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವರಾದರು. ದೂರ ಹೊಡೆಯೋದರಲ್ಲಿ ಅವರು ಅಲ್ಲಿದ್ದ ಬಹುತೇಕರಿಗಿಂತ ಹಿಂದಿದ್ದರು. ಅಷ್ಟು ಮೇಲೆ ಒಯ್ದದ್ದು ಪಟರ್. ಕೊಲ್ಕತ್ತದ ಎಸ್‌.ಎಸ್‌.ಪಿ. ಚೌರಾಸಿಯಾ ಅವರದ್ದೂ ಇಂಥದ್ದೇ ಕತೆ. ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳೋ ಕೆಲಸದಲ್ಲಿದ್ದರು. ಮಗ 2016, 2017 ಎರಡು ವರ್ಷ ಸತತ ಇಂಡಿಯನ್ ಓಪನ್ ಗೆದ್ದರು. ಚಿಪ್, ಪಟ್ ಎರಡರಲ್ಲೂ ಅವರ ಕೈಚಳಕ ನೋಡಿ ಜನ ಅವರಿಗೆ 'ಚಿಪ್ಪುಟ್ಸಿಯಾ' ಅಂತಲೇ ಹೆಸರಿಟ್ಟರು.

ಚಿಪ್ ಅಭ್ಯಾಸಕ್ಕೂ ಹಿತ್ತಲು ಸಾಕು. ಹತ್ತು ಅಡಿ ದೂರದಲ್ಲಿ ಪ್ಲಾಸ್ಟಿಕ್ ಟಬ್ಬು, ಇತ್ತ ಕಡೆ ಹತ್ತು ಫೋಮ್ ಚೆಂಡು. ಹತ್ತಕ್ಕೆ ಎಷ್ಟು ಬಿತ್ತು ಅಂತ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ.

ಮೈ ಮಾತು ಕೇಳಿ

ನನ್ನ ಸಹೋದ್ಯೋಗಿಯೊಬ್ಬರು ಟೆರೇಸಿನ ಮೇಲೆ ತೆಳ್ಳನೆ ಮ್ಯಾಟ್ ಹಾಸಿಕೊಂಡು ದಿನಕ್ಕೆ ಇನ್ನೂರು ಸ್ವಿಂಗ್ ಹಾಕಿದರು. ಹತ್ತು ದಿನಕ್ಕೆ ಮೊಣಕೈ ಒಳಭಾಗ ಹಿಡಿಯಿತು. ಮೂರು ತಿಂಗಳು ಒಂದು ವರ್ಷದ ಮಗಳನ್ನು ಎತ್ತಿಕೊಳ್ಳೋಕೆ ಆಗಲಿಲ್ಲ. ಮಗು ತೋಳು ಚಾಚಿ ಬಂದಾಗ ಕೂತು ಮಡಿಲಿಗೆ ಕರೀಬೇಕಿತ್ತು. ಅವರು ಗಾಲ್ಫ್ ಬಿಟ್ಟದ್ದಕ್ಕಿಂತ ಇದನ್ನು ಹೇಳುವಾಗಲೇ ಹೆಚ್ಚು ನೊಂದುಕೊಳ್ಳೋದು.

ಮೊಣಕೈ ಒಳಭಾಗದ ಆ ನೋವಿಗೆ ಗಾಲ್ಫರ್ಸ್ ಎಲ್ಬೋ ಅಂತಲೇ ಹೆಸರು. ಮುಂಗೈ ಸ್ನಾಯುಗಳು ಮೂಳೆಗೆ ಅಂಟಿಕೊಳ್ಳೋ ಜಾಗದ ಮೇಲೆ ಪದೇಪದೇ ಭಾರ ಬಿದ್ದು ಬರುವಂಥದ್ದು. ಗಟ್ಟಿ ಹಿಡಿತ, ಗಟ್ಟಿ ನೆಲ, ವಿರಾಮವಿಲ್ಲದ ಎಣಿಕೆ ಮೂರೂ ಸೇರಿದರೆ ಅದನ್ನು ಕರೆದು ಕೂರಿಸಿದ ಹಾಗೆ. ಹವ್ಯಾಸಿ ಗಾಲ್ಫರುಗಳಿಗೆ ಇದಕ್ಕಿಂತ ಹೆಚ್ಚಾಗಿ ಕಾಡೋದು ಕೆಳಬೆನ್ನು. ದಿನಕ್ಕೆ ಎಂಟೊಂಬತ್ತು ಗಂಟೆ ಕುರ್ಚಿಯಲ್ಲಿ ಕೂರೋ ನಮ್ಮ ಸೊಂಟದ ಕೀಲು, ಬೆನ್ನಿನ ಮೇಲ್ಭಾಗ ಎರಡೂ ಬಿಗಿದಿರುತ್ತೆ. ತಿರುಗಬೇಕಾದ್ದು ಅವೆರಡು. ಅವು ತಿರುಗದಿದ್ದರೆ ಆ ಕೆಲಸ ಕೆಳಬೆನ್ನಿನ ಮೇಲೆ ಬೀಳುತ್ತೆ. ಅಲ್ಲಿನ ಮೂಳೆಗಳ ರಚನೆಯೇ ಬಾಗೋದಕ್ಕೆ, ತಿರುಗೋದು ಅವಕ್ಕೆ ಬಹಳ ಕಡಿಮೆ.

ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿ ನೇರ ಹೋಗಿ ಕ್ಲಬ್ ಬೀಸಬೇಡಿ. ಮೂರು ನಿಮಿಷ ನಡೆಯಿರಿ, ಭುಜ ಸುತ್ತಿಸಿ, ಕ್ಲಬ್ಬನ್ನು ಹೆಗಲ ಮೇಲೆ ಅಡ್ಡ ಇಟ್ಟುಕೊಂಡು ಮೆಲ್ಲಗೆ ಎರಡೂ ಕಡೆ ತಿರುಗಿ. ದಿನಕ್ಕೆ ನಲವತ್ತು ಸ್ವಿಂಗ್ ಸಾಕು, ಹತ್ತರ ನಾಲ್ಕು ಕಂತು. ಕೊನೆಯಲ್ಲಿ ಎಡಗೈಯವರ ಹಾಗೆ ತಿರುಗಿ ನಿಂತು ಹತ್ತು. ಒಂದೇ ಕಡೆಗೆ ತಿರುಗೋ ಆಟ ಇದು, ಮೈಗೆ ಸಮತೋಲ ಬೇಡವೇ? ನೋವು ಬಂದರೆ ಅವತ್ತಿಗೆ ಮುಗೀತು. ವಾರ ಕಳೆದರೂ ಹೋಗದಿದ್ದರೆ ರೀಲ್ಸ್ ನೋಡಬೇಡಿ, ಡಾಕ್ಟರ್ ಹತ್ರ ಹೋಗಿ.

ರೀಲ್ಸ್ ಅಂದಾಗ ನೆನಪಾಯ್ತು. ಫೋನು ಒಳ್ಳೆಯ ಕನ್ನಡಿ, ಕೆಟ್ಟ ಮೇಷ್ಟ್ರು. ಕೈಗಳ ಎತ್ತರಕ್ಕೆ ಫೋನ್ ನಿಲ್ಲಿಸಿ, ಸ್ಲೋಮೋಷನ್‌ನಲ್ಲಿ ಒಂದು ವಿಡಿಯೊ ಎದುರಿನಿಂದ, ಇನ್ನೊಂದು ಗುರಿಯ ವಿರುದ್ಧ ದಿಕ್ಕಿನಿಂದ. ವಾರಕ್ಕೊಮ್ಮೆ ಸಾಕು. ಒಂದು ವಾರ ಒಂದೇ ವಿಷಯ ನೋಡಿ. ದಿನಕ್ಕೆ ಹತ್ತು ಸಲಹೆ ನೋಡಿದವರ ಸ್ವಿಂಗ್ ಹತ್ತು ಜನ ಹೊಲಿದ ಅಂಗಿಯ ಹಾಗಿರುತ್ತೆ.

ಹಿತ್ತಲು ಕಲಿಸದೇ ಇರೋದು

ಕ್ಲಬ್ಬಿನ ಮುಖ ಯಾವ ಕಡೆ ತಿರುಗಿತ್ತು ಅಂತ ಹಿತ್ತಲು ಪೂರ್ತಿ ಹೇಳಲ್ಲ. ಚೆಂಡು ಹೊರಡೋ ದಿಕ್ಕನ್ನು ಬಹುಪಾಲು ನಿರ್ಧರಿಸೋದು ಅದೇ. ಇಳಿಜಾರಿನಲ್ಲಿ ನಿಲ್ಲೋದು, ಗಾಳಿ, ಎದುರಿಗೆ ಕೆರೆ ಇದ್ದಾಗ ಎದೆ ಹೊಡೆದುಕೊಳ್ಳೋದು ಯಾವುದೂ ಇಲ್ಲಿ ಸಿಗಲ್ಲ. ಚೆಂಡಿಲ್ಲದೆ ತಪ್ಪನ್ನೇ ಸಾವಿರ ಸಲ ಉಜ್ಜಿ ಗಟ್ಟಿ ಮಾಡಿಕೊಳ್ಳೋ ಅಪಾಯವೂ ಇದೆ. ಅದಕ್ಕೇ ಶುರುವಿನಲ್ಲಿ ಒಬ್ಬ ಕೋಚ್ ಹತ್ತಿರ ಒಂದೆರಡು ಕ್ಲಾಸಿಗೆ ದುಡ್ಡು ಹಾಕಿ. ಹೊಸ ಕ್ಲಬ್ ಸೆಟ್‌ಗೆ ಹಾಕೋದಕ್ಕಿಂತ ಅದು ಲಾಭ. ಆಮೇಲೆ ಹದಿನೈದು ದಿನಕ್ಕೊಮ್ಮೆ ರೇಂಜಿಗೆ ಹೋಗಿ, ಹಿತ್ತಲಲ್ಲಿ ಮಾಡಿದ್ದು ಚೆಂಡಿನ ಮುಂದೆ ಉಳಿಯುತ್ತಾ ನೋಡಿ ಬನ್ನಿ.

ಒಂದು ಸುತ್ತಿಗೆ 14ಕ್ಕಿಂತ ಹೆಚ್ಚು ಕ್ಲಬ್ ಒಯ್ಯಬಾರದು ಅಂತ ನಿಯಮ ಇದೆ. ಕನಿಷ್ಠ ಎಷ್ಟಿರಬೇಕು ಅಂತ ಇಲ್ಲ. ಸೆಕೆಂಡ್ ಹ್ಯಾಂಡ್ ಸೆವೆನ್ ಐಯನ್ ಒಂದು, ಪಟರ್ ಒಂದು, ಮೊದಲ ವರ್ಷಕ್ಕೆ ಇಷ್ಟು ಸಾಕು. ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ಬೇರೆಯವರ ಬ್ಯಾಗ್ ಹೊತ್ತ ಕ್ಯಾಡಿ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮ್ಮ ಚಿಕ್ಕರಂಗಪ್ಪ ಬಿಡದಿ ಹತ್ತಿರ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಿಂದ ಬಂದು ವೃತ್ತಿಪರ ಆಟಗಾರರಾದರು. ಇವರಿಗೆಲ್ಲ ಮೈದಾನದ ಮುಂಬಾಗಿಲು ತೆರೆದದ್ದು ಆಮೇಲೆ. ನಾವು ಅವರಷ್ಟು ಎತ್ತರಕ್ಕೆ ಹೋಗ್ತೀವಿ ಅಂತ ಹೇಳ್ತಿಲ್ಲ. ಬೇಲಿಯ ಈ ಕಡೆ ನಿಂತೂ ಆಟ ಕಲಿಯೋಕೆ ಶುರು ಮಾಡಬಹುದು ಅಂತ ಅಷ್ಟೇ.

ನಮ್ಮ ಓನರ್ ಮುಂದಿನ ವರ್ಷ ಹಿತ್ತಲಿಗೆ ಕಾಂಕ್ರೀಟ್ ಹಾಕಿಸಿ ಬೈಕ್ ಪಾರ್ಕಿಂಗ್ ಮಾಡ್ತಾರಂತೆ. ಬೆಂಗಳೂರಿನಲ್ಲಿ ಇದು ಹೊಸ ಸುದ್ದಿಯೇನಲ್ಲ. ಹದಿನಾಲ್ಕು ಅಡಿ ಮಣ್ಣು ಇರೋವರೆಗೆ ಇರುತ್ತೆ. ನಿಮ್ಮ ಮನೆಯಲ್ಲೂ ಅಷ್ಟು ಮಣ್ಣು ಉಳಿದಿದ್ದರೆ ಈ ವಾರದ ಪಟ್ಟಿ ಹೀಗಿರಲಿ: ಸೋಮವಾರ, ಮಂಗಳವಾರ ಹಿಡಿತ ಮತ್ತು ಗೋಡೆ. ಬುಧವಾರ ಟವೆಲ್ಲು. ಗುರುವಾರ, ಶುಕ್ರವಾರ ರಂಗೋಲಿ ಗೆರೆ, ತಕಧಿಮಿ ಜೊತೆ. ಶನಿವಾರ ಲೋಟ ಮತ್ತು ಟಬ್ಬು, ಮನೆಯವರನ್ನೂ ಕರೀರಿ, ಪೈಪೋಟಿ ಇಡಿ. ಭಾನುವಾರ ರಜೆ.

ಗೆರೆಯ ಯಾವ ಕಡೆ ಗುರುತು ಬಿತ್ತು ಅಂತ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.